ಊಟದ ನಡುವೆ ಬಂದ ಮಹಿಷಾಸುರ

ಯಕ್ಷಗಾನವನ್ನು ರೆಸಾರ್ಟುಗಳಲ್ಲಿ ಆಡುವ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳು ಸಿದ್ಧವಾಗಿ ಕೂತಿವೆ. ಇದು ಕಲೆಯ ಮಾರಾಟ, ದೇವರ ಸೇವೆಯನ್ನು ತಂದು ಪಾನೀಯದ ಗ್ಲಾಸುಗಳ ನಡುವೆ ನಿಲ್ಲಿಸಿದ್ದಾರೆ ಎನ್ನುವುದು ಒಂದು. ಕಲಾವಿದನಿಗೆ ನಾಲ್ಕು ಕಾಸು ಸಿಗುತ್ತದೆ, ಹೊರಗಿನವರಿಗೂ ನಮ್ಮ ಕಲೆ ಗೊತ್ತಾಗುತ್ತದೆ, ಅದರಲ್ಲಿ ತಪ್ಪೇನು ಎನ್ನುವುದು ಇನ್ನೊಂದು. ಎರಡನ್ನೂ ಜೋರಾಗಿ ಹೇಳುವವರಲ್ಲಿ ಹೆಚ್ಚಿನವರು ಅಂಥ ಒಂದು ಪ್ರದರ್ಶನವನ್ನು ಮೊದಲಿನಿಂದ ಕೊನೆಯ ತನಕ ಕೂತು ನೋಡಿರುವುದಿಲ್ಲ. ಕಳೆದ ಜನವರಿಯಲ್ಲಿ ಘೋಟಿಯ ಹತ್ತಿರದ ಒಂದು ರೆಸಾರ್ಟಿನಲ್ಲಿ ನನಗೆ ಆ ಅವಕಾಶ ಸಿಕ್ಕಿತು. ಏನನ್ನು ಆಡಿದರು, ಏನನ್ನು ಬಿಟ್ಟರು, ಬಿಟ್ಟದ್ದರಿಂದ ಏನಾಯಿತು ಎನ್ನುವುದನ್ನು ಬಯಲಾಟವೊಂದನ್ನು ವಿಮರ್ಶೆ ಮಾಡುವಷ್ಟೇ ಗಂಭೀರವಾಗಿ ಬರೆಯಬೇಕು ಅನ್ನಿಸಿತು. ಆಡಿದವರು ಅಷ್ಟು ಗಂಭೀರವಾಗಿ ಆಡಿದ್ದರು.

ಘೋಟಿ ನಾಸಿಕ ಜಿಲ್ಲೆಯ ಇಗತಪುರಿ ತಾಲೂಕಿನ ಒಂದು ಪೇಟೆ. ಮುಂಬಯಿಯಿಂದ ಹೊರಟು ಕಸಾರಾ ಘಾಟಿ ಹತ್ತಿ, ಇಗತಪುರಿ ದಾಟಿದರೆ ಸಿಗುತ್ತದೆ. ಸುತ್ತ ಭತ್ತದ ಗದ್ದೆ, ಪೇಟೆಯಲ್ಲಿ ಅಕ್ಕಿ ಗಿರಣಿ. ಇಲ್ಲಿಂದ ಒಂದು ರಸ್ತೆ ಸಿನ್ನರ್ ಮೂಲಕ ಶಿರಡಿಗೆ ಹೋಗುತ್ತದೆ. ಇನ್ನೊಂದು ಭಂಡಾರದರಾ ಕಡೆಗೆ, ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಯ ಬುಡಕ್ಕೆ. 1646 ಮೀಟರ್ ಹತ್ತುವವರು, ಸಾಯಿಬಾಬಾ ದರ್ಶನಕ್ಕೆ ಹೋಗುವವರು, ಕಚೇರಿಯ ಖರ್ಚಿನಲ್ಲಿ ಎರಡು ದಿನ ತಂಡ ಕಟ್ಟಲು ಬಂದ ನಮ್ಮಂಥವರು, ಎಲ್ಲರೂ ಒಂದೇ ಹುಲ್ಲುಹಾಸಿನ ಮೇಲೆ ಸೇರುವ ಜಾಗ ಇದು. ಅಂದು ಸಂಜೆ ಅಲ್ಲಿ ಸುಮಾರು ಎಂಬತ್ತು ಜನ ಇದ್ದೆವು. ಸ್ವಾಗತದ ಮೇಜಿನ ಮೇಲಿದ್ದ ಚೀಟಿಯಲ್ಲಿ "ಟ್ರೆಡಿಷನಲ್ ಇಂಡಿಯನ್ ಡ್ಯಾನ್ಸ್ ಡ್ರಾಮಾ ವಿತ್ ಡಿನ್ನರ್" ಎಂದಿತ್ತು. ಯಾವ ರಾಜ್ಯದ್ದು, ಯಾವ ಕಥೆ, ಯಾರ ತಂಡ ಎನ್ನುವುದು ಇರಲಿಲ್ಲ. ಊಟದ ಪಟ್ಟಿ ಮಾತ್ರ ಎರಡು ಪುಟ ಇತ್ತು.

ಏಳೂವರೆಗೆ ಎಂದದ್ದು ಎಂಟು ದಾಟಿದ ಮೇಲೆ ಶುರುವಾಯಿತು. ಬಫೆಯ ಮುಚ್ಚಳಗಳು ಎಂಟಕ್ಕೇ ತೆರೆದಿದ್ದವು. ಹುಲ್ಲುಹಾಸಿನ ಒಂದು ತುದಿಯಲ್ಲಿ ಮೊಳಕಾಲೆತ್ತರದ ವೇದಿಕೆ, ಇನ್ನೊಂದು ತುದಿಯಲ್ಲಿ ತಂದೂರಿ ಒಲೆ. ಚೆಂಡೆಯ ಮೊದಲ ಪೆಟ್ಟು ಬಿದ್ದಾಗ ನನಗೆ ಇದು ಯಕ್ಷಗಾನ ಎಂದು ಗೊತ್ತಾಯಿತು. ಅದೂ ತೆಂಕುತಿಟ್ಟು. ಬಂಟ್ವಾಳದ ಕಡೆ ಹುಟ್ಟಿದವನಿಗೆ ಆ ಚೆಂಡೆ ಗುರುತಾಗಲು ಎರಡನೇ ಪೆಟ್ಟು ಬೇಕಾಗುವುದಿಲ್ಲ.

ತಂಡ ಮುಂಬಯಿಯದು. ಎಂಟು ಜನ. ಭಾಗವತರು, ಚೆಂಡೆ, ಮದ್ದಳೆ, ಚಕ್ರತಾಳ ಸೇರಿ ಹಿಮ್ಮೇಳದವರು ನಾಲ್ವರು. ಮುಮ್ಮೇಳದಲ್ಲಿ ದೇವಿ, ಮಹಿಷಾಸುರ, ಇಬ್ಬರು ದೇವತೆಗಳು. ಪ್ರಸಂಗ ದೇವಿ ಮಹಾತ್ಮೆಯ ಮಹಿಷವಧೆಯ ಭಾಗ. ಕಟೀಲು ಮೇಳಗಳ ಹರಕೆಯಾಟದಲ್ಲಿ ಅತಿ ಹೆಚ್ಚು ಆಡಿಸುವ ಪ್ರಸಂಗ ಇದು. ಊರಲ್ಲಿ ಇದನ್ನು ಆಡಿಸಲು ಹರಕೆ ಹೊತ್ತವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಇಲ್ಲಿ ಅದಕ್ಕೆ ಕೊಟ್ಟ ಸಮಯ ಐವತ್ತು ನಿಮಿಷ.

ಐವತ್ತು ನಿಮಿಷ ಹೇಗೆ ಕಳೆಯಿತು ಎಂದು ಹೇಳುತ್ತೇನೆ. ಗಣಪತಿ ಸ್ತುತಿ ಮೂರು ನಿಮಿಷ. ನಿರೂಪಕಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಕೊಟ್ಟ ಪರಿಚಯ ಆರು ನಿಮಿಷ. ಅದರಲ್ಲಿ ಕರ್ನಾಟಕದ ಹೆಸರು ಒಂದು ಸಲ ಬಂತು, ಕನ್ನಡದ ಹೆಸರು ಬರಲಿಲ್ಲ. ದೇವತೆಗಳು ಒಂದು ಸುತ್ತು ಕುಣಿದು ಹೋದರು. ದೇವಿಯ ಪ್ರವೇಶ. ಆಮೇಲೆ ದೀಪಗಳನ್ನು ಆರಿಸಿದರು. ಹಿಂದಿನಿಂದ, ಊಟದ ಮೇಜುಗಳ ನಡುವಿನ ದಾರಿಯಲ್ಲಿ, ದೊಂದಿಗಳ ಬೆಳಕಿನಲ್ಲಿ, ರಾಳದ ಪುಡಿ ಎರಚಿದ ಬೆಂಕಿಯ ನಡುವೆ ಕೋಡು ಅಲ್ಲಾಡಿಸುತ್ತಾ ಮಹಿಷಾಸುರ ಬಂದ. ಎಂಬತ್ತು ಮೊಬೈಲುಗಳು ಮೇಲೆದ್ದವು. ಅವನು ವೇದಿಕೆ ತಲುಪಲು ಏಳೆಂಟು ನಿಮಿಷ ತೆಗೆದುಕೊಂಡ. ಆ ಏಳೆಂಟು ನಿಮಿಷ ಯಾರೂ ತಟ್ಟೆಯ ಕಡೆ ನೋಡಲಿಲ್ಲ. ವೇದಿಕೆ ಏರಿದ ಕೂಡಲೇ ಯುದ್ಧ, ಯುದ್ಧ ಮುಗಿದ ಕೂಡಲೇ ವಧೆ. ಅದಾದ ಮೇಲೆ ಸತ್ತ ಮಹಿಷಾಸುರ ಎದ್ದು ದೇವಿಯ ಪಕ್ಕದಲ್ಲಿ ನಿಂತು ಅತಿಥಿಗಳ ಜೊತೆ ಫೋಟೊ ತೆಗೆಸಿಕೊಳ್ಳುವುದು. ಅದಕ್ಕೆ ಇಪ್ಪತ್ತು ನಿಮಿಷ ಬೇರೆ ಕೊಟ್ಟಿದ್ದರು.

ಮೊದಲು ಒಳ್ಳೆಯದನ್ನು ಹೇಳಬೇಕು. ಭಾಗವತರ ಕಂಠ ದಣಿದಿತ್ತು, ಆದರೆ ತಾಳ ಎಲ್ಲಿಯೂ ಬಿಗಿ ತಪ್ಪಲಿಲ್ಲ. ಮಹಿಷಾಸುರನ ಮುಖದ ಬಣ್ಣ ಅವಸರದ್ದಾಗಿರಲಿಲ್ಲ. ಅಕ್ಕಿಹಿಟ್ಟು ಸುಣ್ಣ ಕಲಸಿ ಒಂದೊಂದೇ ಮುಳ್ಳಿನ ಹಾಗೆ ಇಡುವ ಚುಟ್ಟಿಯನ್ನು ಆತ ಪೂರ್ತಿ ಇಟ್ಟಿದ್ದ. ಐವತ್ತು ನಿಮಿಷದ ಆಟಕ್ಕೆ ಮೂರು ಗಂಟೆ ಬಣ್ಣಕ್ಕೆ ಕೂತಿದ್ದ ಎಂದು ಆಮೇಲೆ ತಿಳಿಯಿತು. ದೇವಿಯ ವೇಷಧಾರಿ ಯುದ್ಧದ ಕುಣಿತದಲ್ಲೂ ಮುಖದ ಶಾಂತಿ ಬಿಡಲಿಲ್ಲ. ಯಾರೂ ನೋಡದಿದ್ದಾಗಲೂ ಅವರು ನೋಡುವವರಿದ್ದಾರೆ ಎಂಬಂತೆ ಆಡಿದರು. ಹಾಗಾಗಿ ನನ್ನ ತಕರಾರು ಕಲಾವಿದರ ಮೇಲೆ ಇಲ್ಲ.

ತಕರಾರು ಸಮಯದ ಮೇಲೂ ಇಲ್ಲ. "ರಾತ್ರಿಯಿಡೀ ಆಡುವ ಕಲೆಯನ್ನು ಐವತ್ತು ನಿಮಿಷಕ್ಕೆ ಇಳಿಸಿದರು" ಎಂಬ ಗೋಳು ಸುಲಭ. ಆದರೆ ಯಕ್ಷಗಾನ ಚಿಕ್ಕದಾಗುವುದನ್ನು ಮೊದಲಿನಿಂದಲೂ ಬಲ್ಲದು. ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಚಿಕ್ಕಮೇಳದವರು ಮನೆಮನೆಗೆ ಬಂದು ದೀಪ ಹಚ್ಚಿದ ಚಾವಡಿಯಲ್ಲಿ ಹತ್ತು ಹದಿನೈದು ನಿಮಿಷ ಆಡಿ ಹೋಗುತ್ತಾರೆ. ಶಿವರಾಮ ಕಾರಂತರು ತಮ್ಮ ಯಕ್ಷರಂಗಕ್ಕಾಗಿ ಪ್ರಸಂಗಗಳನ್ನು ಎರಡು ಗಂಟೆಯ ಆಸುಪಾಸಿಗೆ ತಂದರು, ಮಾತನ್ನು ಕಡಿತ ಮಾಡಿದರು, ಪಿಟೀಲು, ಸ್ಯಾಕ್ಸೊಫೋನು ಸೇರಿಸಿ ದೇಶವಿದೇಶ ಸುತ್ತಿಸಿದರು. ಅದನ್ನು ಒಪ್ಪದವರು ಇದ್ದರು, ಈಗಲೂ ಇದ್ದಾರೆ. ಆದರೆ ಕಾರಂತರು ಏನನ್ನು ಬಿಡುತ್ತಿದ್ದೇನೆ, ಯಾಕೆ ಬಿಡುತ್ತಿದ್ದೇನೆ ಎನ್ನುವುದನ್ನು ಬಲ್ಲವರಾಗಿದ್ದರು. ಇವತ್ತು ಧರ್ಮಸ್ಥಳ ಮೇಳವೂ ಸೇರಿ ಅನೇಕ ಮೇಳಗಳು ಕಾಲಮಿತಿಗೆ ಬಂದಿವೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಧ್ವನಿವರ್ಧಕ ಕೂಡದೆನ್ನುವ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಒಂದು ಕಡೆ, ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕ ಇನ್ನೊಂದು ಕಡೆ. ಗಂಟೆ ನೋಡಿ ಅಳುವ ಕಾಲ ಮುಗಿದಿದೆ.

ಸಮಯ ಅರ್ಧವಾದಾಗ ಏನನ್ನು ಉಳಿಸಬೇಕು ಎನ್ನುವುದು ನನ್ನ ಕೆಲಸದಲ್ಲಿ ಪ್ರತಿ ತಿಂಗಳು ಎದುರಾಗುವ ಪ್ರಶ್ನೆ. ಹತ್ತು ಸೌಲಭ್ಯಗಳನ್ನು ಕೊಡುತ್ತೇವೆ ಎಂದವರು ನಾಲ್ಕನ್ನು ಪೂರ್ತಿಯಾಗಿ ಕೊಡಬಹುದು. ಅಥವಾ ಹತ್ತರ ಪರದೆಗಳನ್ನೂ ಬಣ್ಣ ಬಳಿದು ತೋರಿಸಿ, ಒತ್ತಿದರೆ ಕೆಲಸ ಮಾಡದ ಗುಂಡಿಗಳನ್ನು ಇಡಬಹುದು. ಎರಡನೆಯದಕ್ಕೆ ನಾವು ಡೆಮೊ ಅನ್ನುತ್ತೇವೆ. ಘೋಟಿಯಲ್ಲಿ ಆದದ್ದು ಡೆಮೊ. ಇಡೀ ಮಹಿಷವಧೆ ನಡೆಯಿತು, ಆದರೆ ಅದರಲ್ಲಿ ಮಹಿಷನೇ ಇರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ದೇವಿ ಮಹಾತ್ಮೆ ನೋಡಿದವರಿಗೆ ಮಹಿಷಾಸುರನಿಗೊಬ್ಬಳು ತಾಯಿ ಇದ್ದಾಳೆ ಎಂದು ಗೊತ್ತು. ಮಾಲಿನಿ. ದೊಂದಿಯ ನಡುವೆ ಆರ್ಭಟಿಸುತ್ತಾ ಬಂದವನು ಅವಳ ಮುಂದೆ ಮಗನಾಗುತ್ತಾನೆ. ಬಯಲಾಟದಲ್ಲಿ ಆ ಸನ್ನಿವೇಶ ಚೆನ್ನಾಗಿ ಬಂದರೆ, ಗದ್ದೆಯ ಆಚೆ ಬದಿಯಲ್ಲಿ ಚಾಪೆಯ ಮೇಲೆ ಮಲಗಿದ್ದವರೂ ಎದ್ದು ಕೂರುತ್ತಾರೆ. ಕೋಡು ಹೊತ್ತ ಆ ಭಯಂಕರ ವೇಷದ ಬಾಯಿಂದ ಅಮ್ಮಾ ಎಂಬ ಮಾತು ಹೊರಡುವಾಗ ಆಗುವ ವಿಚಿತ್ರ ಅನುಭವಕ್ಕಾಗಿಯೇ ಬಣ್ಣದ ವೇಷಧಾರಿಗಳಲ್ಲಿ ಒಬ್ಬರಿಂದ ಒಬ್ಬರನ್ನು ನಾವು ಬೇರೆ ಮಾಡಿ ನೋಡುತ್ತೇವೆ. ಅಬ್ಬರ ಹಲವರಿಗೆ ಬರುತ್ತದೆ, ಆ ಇಳಿತ ಕೆಲವರಿಗೆ ಮಾತ್ರ. ಆ ಇಳಿತವನ್ನು ಕಂಡ ಮೇಲೆಯೇ ಕೊನೆಯ ವಧೆಗೆ ತೂಕ ಬರುವುದು. ದೇವಿ ಕೊಲ್ಲುವುದು ಒಂದು ಮೃಗವನ್ನೋ ಒಬ್ಬಳ ಮಗನನ್ನೋ ಎಂಬ ಅಳುಕು ಪ್ರೇಕ್ಷಕನಲ್ಲಿ ಹುಟ್ಟಬೇಕು.

ಘೋಟಿಯಲ್ಲಿ ಮಾಲಿನಿ ಬರಲೇ ಇಲ್ಲ. ಭಾಷೆ ಅರ್ಥವಾಗದ ಜನರ ಮುಂದೆ ಮಾತಿನ ಸನ್ನಿವೇಶ ಯಾಕೆ ಎಂದು ಕಾರ್ಯಕ್ರಮ ಗೊತ್ತುಮಾಡಿದವರು ತೀರ್ಮಾನಿಸಿದ್ದರು. ಇದು ನೋಡಲು ಸಮಂಜಸ ಅನ್ನಿಸಿದರೂ ತಪ್ಪು ಲೆಕ್ಕ. ತಾಯಿ ಮಗನ ಮಾತು ಅರ್ಥವಾಗಲು ಕನ್ನಡ ಬೇಕಿಲ್ಲ, ಎರಡು ವಾಕ್ಯದ ಪೀಠಿಕೆ ಸಾಕು. ಯುದ್ಧದ ಕುಣಿತವೇ ಹೊಸಬನಿಗೆ ನಿಜವಾಗಿ ಅರ್ಥವಾಗದ ಭಾಗ. ಆ ಧೀಂಗಿಣ, ಆ ತಾಳದ ಬದಲಾವಣೆ ನೋಡಿ ಪಳಗಿದವನಿಗೆ ಮಾತ್ರ ರುಚಿಸುತ್ತದೆ. ಉಳಿದವರಿಗೆ ಅದು ಸುತ್ತುವುದು, ಹಾರುವುದು, ಸದ್ದು. ಫೋಟೊಗೆ ಕೊಟ್ಟ ಇಪ್ಪತ್ತು ನಿಮಿಷದಲ್ಲಿ ಹತ್ತನ್ನು ಮಾಲಿನಿಗೆ ಕೊಟ್ಟಿದ್ದರೆ ಈ ಪ್ರದರ್ಶನದ ಬಗ್ಗೆ ನಾನು ಬೇರೆಯೇ ಲೇಖನ ಬರೆಯುತ್ತಿದ್ದೆ.

ಇನ್ನು ಊಟದ ವಿಷಯ. ಆಟಕ್ಕೂ ಊಟಕ್ಕೂ ನಮ್ಮಲ್ಲಿ ಹಗೆ ಇರಲಿಲ್ಲ. ಹರಕೆಯಾಟದ ಮನೆಯವರು ಮೇಳದವರಿಗೂ ಬಂದ ನೆಂಟರಿಗೂ ಊರವರಿಗೂ ಊಟ ಹಾಕಿಯೇ ಆಟ ಆಡಿಸುವುದು. ಬಯಲಿನ ಸುತ್ತ ಚರುಮುರಿಯವರು, ಆಮ್ಲೆಟ್ಟಿನವರು, ಕಡಲೆ ಹುರಿಯುವವರು ಬೆಳಗಿನ ತನಕ ಒಲೆ ಆರಿಸುವುದಿಲ್ಲ. ಆದರೆ ಜಾಗ ಬೇರೆ ಬೇರೆ. ಹಸಿವಾದವನು ಎದ್ದು ಹೋಗಿ ತಿಂದು, ಚೆಂಡೆಯ ಪೆಟ್ಟು ಬದಲಾದದ್ದು ಕೇಳಿ ಓಡಿ ಬರುತ್ತಾನೆ. ಜಪಾನಿನ ಕಬೂಕಿ ರಂಗಮಂದಿರಗಳಲ್ಲಿ ಅಂಕದ ನಡುವಿನ ಬಿಡುವಿನಲ್ಲಿ ತಿನ್ನುವ ಡಬ್ಬಿ ಊಟಕ್ಕೆ ಮಕುನೊಉಚಿ ಎಂಬ ಹೆಸರೇ ಇದೆ. ಪರದೆಗಳ ನಡುವಿನದು ಎಂದು ಅದರ ಅರ್ಥ. ಟೋಕಿಯೊದ ಕಬೂಕಿಜಾದಲ್ಲಿ ಪೂರ್ತಿ ಕಾರ್ಯಕ್ರಮಕ್ಕೆ ಕೂರಲಾಗದವರಿಗೆ ಒಂದೇ ಅಂಕದ ಟಿಕೇಟು ಕೊಡುವ ಪದ್ಧತಿಯೂ ಇದೆ. ಸಮಯ ಕಡಿಮೆ ಇದ್ದವನಿಗೆ ಇಡೀ ನಾಟಕದ ಚೂರುಗಳನ್ನು ಕೊಡದೆ, ಒಂದು ಅಂಕವನ್ನು ಇಡಿಯಾಗಿ ಕೊಡುತ್ತಾರೆ. ಪ್ರವಾಸಿಗೆ ಕಲೆ ತೋರಿಸುವವರು ಕಲಿಯಬೇಕಾದ ಎರಡು ಪಾಠಗಳು ಈ ಒಂದೇ ಜಾಗದಲ್ಲಿ ಸಿಗುತ್ತವೆ.

ಘೋಟಿಯಲ್ಲಿ ಊಟವೂ ಆಟವೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ನಡೆದವು. ದೇವಿಯ ಪ್ರವೇಶದ ಹೊತ್ತಿಗೆ ಬಿಸಿ ಜಿಲೇಬಿ ಬಂತೆಂದು ಅರ್ಧ ಜನ ಎದ್ದು ವೇದಿಕೆಗೆ ಬೆನ್ನು ಹಾಕಿ ಸಾಲು ನಿಂತರು. ಅವರನ್ನು ದೂರಲಾರೆ. ಜಿಲೇಬಿ ಆರುತ್ತದೆ. ಆ ಹೊತ್ತಿನಲ್ಲಿ ಎರಡನ್ನು ಎದುರುಬದುರು ನಿಲ್ಲಿಸಿದವರು ದೂರಿಗೆ ಅರ್ಹರು. ಆಟ ಮುಗಿದ ಮೇಲೆ ಅಡುಗೆಮನೆಯ ಹಿಂದಿನ ಸ್ಟೋರಿನಲ್ಲಿ, ಅದೇ ಅವರ ಚೌಕಿ, ಬಣ್ಣ ಒರೆಸುತ್ತಿದ್ದ ಮಹಿಷಾಸುರನ ಜೊತೆ ತುಳುವಿನಲ್ಲಿ ಮಾತಾಡಿದೆ. ಮೂವತ್ತರ ಆಸುಪಾಸಿನ ಯುವಕ, ಹಗಲು ಹೋಟೆಲೊಂದರಲ್ಲಿ ಕ್ಯಾಷ್ ನೋಡುತ್ತಾರೆ. "ಊಟ ಮಾಡುವವರ ಎದುರು ಕುಣಿಯುವುದು ಕಷ್ಟ ಅಲ್ಲ ಅಣ್ಣಾ. ಅವರು ಯಾವಾಗ ನೋಡ್ತಾರೆ, ಯಾವಾಗ ನೋಡುವುದಿಲ್ಲ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಎಲ್ಲವನ್ನೂ ಜೋರು ಮಾಡಬೇಕಾಗ್ತದೆ" ಅಂದರು. ಇಂಥ ಪ್ರದರ್ಶನಗಳ ಬಗ್ಗೆ ನಾನು ಕೇಳಿದ ಅತ್ಯಂತ ಖಚಿತವಾದ ವಿಮರ್ಶೆ ಇದು. ಪ್ರೇಕ್ಷಕರ ಗಮನ ನಂಬುವಂತಿಲ್ಲದಿದ್ದಾಗ ಮೊದಲು ಹೋಗುವುದು ಸಣ್ಣ ದನಿ, ಆಮೇಲೆ ಮೌನ, ಆಮೇಲೆ ಅಭಿನಯ. ಉಳಿಯುವುದು ಬೆಂಕಿ.

ಇನ್ನೊಂದು ವಿಷಯವೂ ಅಲ್ಲಿ ತಿಳಿಯಿತು. ರೆಕಾರ್ಡ್ ಹಾಕಿ ನಾಲ್ಕು ಜನ ಬಂದರೆ ಸಾಕು ಎಂದು ಅವರಿಗೆ ಹೇಳಲಾಗಿತ್ತು. ಭಾಗವತರು ಒಪ್ಪಲಿಲ್ಲ. ನಾಲ್ಕು ಜನರ ಹಣವನ್ನು ಎಂಟು ಜನ ಹಂಚಿಕೊಳ್ಳುವುದೆಂದು ಮಾತಾಡಿಕೊಂಡು ಹಿಮ್ಮೇಳ ಸಮೇತ ಬಂದಿದ್ದರು. ಕಲಾವಿದನಿಗೆ ನಾಲ್ಕು ಕಾಸು ಸಿಗುತ್ತದೆ ಎನ್ನುವವರು ಈ ಲೆಕ್ಕವನ್ನೂ ನೋಡಬೇಕು. ಕಲೆಯ ಮಾನ ಉಳಿಸುವ ಖರ್ಚು ಅಂದು ಕಲಾವಿದರ ಜೇಬಿನಿಂದ ಹೋಯಿತು.

ಹಾಗಾದರೆ ಅಂದು ಯಾರೂ ನೋಡಲಿಲ್ಲವೇ? ಒಬ್ಬ ನೋಡಿದ. ಮಹಿಷಾಸುರ ಮೇಜುಗಳ ನಡುವೆ ಬರುವಾಗ ರೊಟ್ಟಿಯ ಬುಟ್ಟಿ ಹಿಡಿದ ಹುಡುಗನೊಬ್ಬ ನನ್ನ ಪಕ್ಕದಲ್ಲಿ ನಿಂತುಬಿಟ್ಟ. ಬೆಂಕಿಯ ಕಡೆಗೆ ಗಮನ ಕೊಡದೆ ವೇಷದ ಕಾಲುಗಳನ್ನು ನೋಡುತ್ತಿದ್ದ. "ನಮ್ಮಲ್ಲೂ ಬರುತ್ತಾನೆ ಸರ್, ಬೋಹಾಡಾದಲ್ಲಿ. ಆದರೆ ಬೆಳಗಿನ ಜಾವಕ್ಕೆ" ಎಂದ, ಹಿಂದಿಯಲ್ಲಿ. ಅವನ ಊರು ಮೊಖಾಡಾದ ಕಡೆ. ಇನ್ನೇನೋ ಹೇಳುವವನಿದ್ದ, ಅಷ್ಟರಲ್ಲಿ ಮೇಲ್ವಿಚಾರಕರು ಕೈಸನ್ನೆ ಮಾಡಿ ಕರೆದರು.

ಬೋಹಾಡಾ ಈ ಬೆಟ್ಟಗಳ ಸ್ವಂತ ಆಟ. ನಾಸಿಕದ ಪಶ್ಚಿಮದ ತಾಲೂಕುಗಳಲ್ಲಿ, ಅದಕ್ಕೆ ತಾಗಿದ ಪಾಲ್ಘರ್ ಜಿಲ್ಲೆಯ ಜವ್ಹಾರ, ಮೊಖಾಡಾಗಳಲ್ಲಿ ಕೋಕಣಾ, ವಾರ್ಲಿ, ಮಹಾದೇವ ಕೋಳಿ ಜನ ಹೋಳಿಯಿಂದ ಮಳೆಗಾಲದ ಒಳಗೆ ಇದನ್ನು ನಡೆಸುತ್ತಾರೆ. ದೊಡ್ಡ ದೊಡ್ಡ ಮುಖವಾಡಗಳು: ಗಣಪತಿ, ಶಾರದೆ, ನರಸಿಂಹ, ರಾವಣ. ಒಂದೊಂದು ವೇಷವೂ ದೀವಟಿಗೆಯ ಬೆಳಕಿನಲ್ಲಿ ಊರ ಬೀದಿಯಲ್ಲಿ ಕುಣಿಯುತ್ತಾ ಬರುತ್ತದೆ. ಹಿಂದೆ ಸಂಬಳ ಎಂಬ ಜೋಡಿ ವಾದ್ಯ. ನಮ್ಮ ಉತ್ತರ ಕರ್ನಾಟಕದ ಗೊಂದಲಿಗರು ಬಾರಿಸುವ ಸಂಬಾಳವೇ ಅದು. ಹಲವು ಊರುಗಳಲ್ಲಿ ಇಂಥ ಮುಖವಾಡ ಇಂಥ ಮನೆಯವರದು ಎಂಬ ಹಕ್ಕು ತಲೆಮಾರಿನಿಂದ ಬಂದಿದೆ. ಮೊಖಾಡಾದಲ್ಲಿ ಇದು ಜಗದಂಬೆಯ ಉತ್ಸವ; ಕೊನೆಗೆ ದೇವಿಗೂ ಮಹಿಷಾಸುರನಿಗೂ ಯುದ್ಧ.

ಅಂದರೆ ನಮ್ಮ ಮಹಿಷಾಸುರ ಘೋಟಿಗೆ ಬರುವ ಮೊದಲೇ ಆ ಬೆಟ್ಟಗಳಲ್ಲಿ ಒಬ್ಬ ಮಹಿಷಾಸುರ ಇದ್ದ. ಅವನೂ ದೊಂದಿಯ ಬೆಳಕಿನಲ್ಲೇ ಬರುವವನು, ಅವನನ್ನೂ ಕೊಲ್ಲುವುದು ದೇವಿಯೇ. ಇಬ್ಬರನ್ನೂ ಬಲ್ಲ ಒಬ್ಬನೇ ಒಬ್ಬ ಪ್ರೇಕ್ಷಕ ಆ ಸಂಜೆ ಅಲ್ಲಿದ್ದ, ಅವನಿಗೆ ಕೂತುಕೊಳ್ಳುವ ಅನುಮತಿ ಇರಲಿಲ್ಲ. ಚೀಟಿಯಲ್ಲಿದ್ದ "ಟ್ರೆಡಿಷನಲ್ ಇಂಡಿಯನ್" ಎಂಬ ಮಾತಿನ ಕೊರತೆ ನನಗೆ ಹೊಳೆದದ್ದು ಅಲ್ಲಿ. ಆ ಮಾತು ಯಕ್ಷಗಾನದಿಂದ ಕರಾವಳಿಯನ್ನು ತೆಗೆಯಿತು, ಘೋಟಿಯಿಂದ ಘೋಟಿಯನ್ನೂ ತೆಗೆಯಿತು. ಎರಡು ಊರಿನ ದೇವಿಯರ ಕಥೆಯನ್ನು ಪಕ್ಕಪಕ್ಕ ಇಟ್ಟು ತೋರಿಸಿದ್ದರೆ ಶಿರಡಿಗೆ ಹೊರಟ ಕುಟುಂಬವೂ ಕಳಸೂಬಾಯಿ ಹತ್ತಲು ಬಂದ ಹುಡುಗರೂ ಮನೆಗೆ ಒಯ್ಯಲು ಏನಾದರೂ ಸಿಗುತ್ತಿತ್ತು.

ಪ್ರವಾಸಿಗರಿಗಾಗಿ ಆಡುವುದೇ ಕೀಳು ಎನ್ನುವವರು ಕೊಚ್ಚಿಯನ್ನು ನೋಡಬೇಕು. ಫೋರ್ಟ್ ಕೊಚ್ಚಿಯಲ್ಲಿ, ಎರ್ನಾಕುಲಂನಲ್ಲಿ ದಶಕಗಳಿಂದ ಸಂಜೆ ಹೊತ್ತು ಕಥಕಳಿ ನಡೆಯುತ್ತಿದೆ, ನೋಡುವವರು ಹೆಚ್ಚಿನಂಶ ವಿದೇಶೀಯರು. ಆಟಕ್ಕೆ ಒಂದು ಗಂಟೆ ಮೊದಲೇ ಜನರನ್ನು ಒಳಗೆ ಬಿಟ್ಟು, ನೆಲದ ಮೇಲೆ ಮಲಗಿದ ನಟನ ಮುಖಕ್ಕೆ ಚುಟ್ಟಿ ಇಡುವುದನ್ನು ತೋರಿಸುತ್ತಾರೆ. ಆಮೇಲೆ ಮುದ್ರೆ, ಕಣ್ಣು, ನವರಸಗಳ ಪಾಠ. ಕೊನೆಗೆ ಕಥೆಯ ಒಂದು ತುಂಡು. ಚೌಕಿಯನ್ನೇ ರಂಗಕ್ಕೆ ತರುವುದು ಸರಿಯೇ ಎಂಬ ಪ್ರಶ್ನೆ ನನ್ನಲ್ಲೂ ಇದೆ, ವೇಷ ಕಟ್ಟುವಾಗಿನ ಏಕಾಂತಕ್ಕೂ ಒಂದು ಬೆಲೆ ಇದೆ. ಆದರೂ ಅವರು ಹೊಸ ಪ್ರೇಕ್ಷಕನನ್ನು ಪ್ರೇಕ್ಷಕ ಎಂದು ಒಪ್ಪಿದ್ದಾರೆ. ಇವನಿಗೆ ಗೊತ್ತಿಲ್ಲ, ಆದರೆ ಒಂದು ಗಂಟೆ ಕೊಟ್ಟರೆ ಸ್ವಲ್ಪ ಗೊತ್ತಾಗಬಹುದು ಎಂಬ ನಂಬಿಕೆ ಆ ವ್ಯವಸ್ಥೆಯಲ್ಲಿದೆ. ಕೈಯಲ್ಲಿ ತಟ್ಟೆ ಇರುವುದಿಲ್ಲ.

ಬಾಲಿ ದ್ವೀಪದವರು ಇನ್ನೂ ಮುಂದೆ ಹೋಗಿ ಯೋಚಿಸಿದರು. ದೇವಸ್ಥಾನದಲ್ಲಿ ಮಾಡುವ ನೃತ್ಯಗಳನ್ನೇ ಹೋಟೆಲಿಗೆ ಒಯ್ಯುವುದು ಹೆಚ್ಚಿದಾಗ 1971ರಲ್ಲಿ ಡೆನ್ಪಸಾರ್‌ನಲ್ಲಿ ವಿದ್ವಾಂಸರು, ಕಲಾವಿದರು ಕೂತು ನೃತ್ಯಗಳನ್ನು ಮೂರು ಬಗೆ ಮಾಡಿದರು: ಪೂಜೆಯವು, ಉತ್ಸವದವು, ನೋಡುವವರಿಗಾಗಿ ಇರುವವು. ಅತಿಥಿಗಳನ್ನು ಸ್ವಾಗತಿಸಲು ದೇವಸ್ಥಾನದ ಪೆಂಡೆತ್ ಬದಲು ಪನ್ಯೆಂಬ್ರಮ ಎಂಬ ಬೇರೆ ನೃತ್ಯವನ್ನೇ ಹೊಸದಾಗಿ ಕಟ್ಟಿಕೊಂಡಿದ್ದರು. ಪ್ರವಾಸಿಗರು ಮುಗಿಬಿದ್ದು ನೋಡುವ ಕೆಚಕ್ ಕೂಡ ಈಗಿನ ರೂಪಕ್ಕೆ ಬಂದದ್ದು 1930ರ ದಶಕದಲ್ಲಿ, ಬಾಲಿಯ ಕಲಾವಿದ ವಾಯನ್ ಲಿಂಬಾಕ್ ಹಾಗೂ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಅವರ ಕೈಯಲ್ಲಿ. ಅದನ್ನು ಯಾರೂ ನಕಲಿ ಎಂದು ಬಿಸಾಡಿಲ್ಲ. ಅತಿಥಿಗಾಗಿ ಬೇರೆ ಅಡುಗೆ ಮಾಡುವುದಕ್ಕೂ ದೇವರ ನೈವೇದ್ಯವನ್ನೇ ಅರ್ಧ ಬೇಯಿಸಿ ಬಡಿಸುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ತಿಳಿದಿತ್ತು.

ಯಕ್ಷಗಾನದಲ್ಲಿ ಇಂಥ ಯೋಚನೆ ಮಾಡಬಲ್ಲವರು ಇಲ್ಲದಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ, ಅವರ ಮಗ ಶಂಭು ಹೆಗಡೆಯವರ ಕಾಲದಿಂದಲೂ ಕನ್ನಡ ಬಾರದ ಪ್ರೇಕ್ಷಕರ ಮುಂದೆ ಆಡುತ್ತಾ ಬಂದಿದೆ. ಮಾತಿನ ಭಾರ ಇಳಿಸಿ ಅಭಿನಯಕ್ಕೆ ಜಾಗ ಮಾಡಿಕೊಡುವ ಬಗೆ ಅವರಿಗೆ ಗೊತ್ತಿತ್ತು. ಶಂಭು ಹೆಗಡೆಯವರ ರಂಗದ ಮೇಲಿನ ನಿಧಾನವನ್ನು ಕಂಡವರು ಇವತ್ತಿಗೂ ಮರೆತಿಲ್ಲ. ದಾರಿ ಇದೆ, ನಡೆದವರೂ ಇದ್ದಾರೆ. ಕಾರ್ಯಕ್ರಮ ಗೊತ್ತುಮಾಡುವವರು ಅವರನ್ನು ಕೇಳುವುದಿಲ್ಲ, ಅಷ್ಟೇ.

ಕೇಳಿದರೆ ಏನು ಹೇಳಬಹುದು? ನನಗೆ ತೋಚಿದ್ದು ಇಷ್ಟು. ಒಂದು ಗಂಟೆ ಇದ್ದರೆ ಒಂದೇ ಸನ್ನಿವೇಶ ಆಡಿ, ಪೂರ್ತಿ ಆಡಿ. ಅದರಲ್ಲಿ ಒಂದು ಮೌನ ಇರಲಿ. ಹಿಮ್ಮೇಳ ಎದುರಲ್ಲೇ ಇರಲಿ, ಅದರ ಖರ್ಚು ಕರೆಸುವವರದಾಗಲಿ. ಊಟ ಆಟದ ಮೊದಲು ಅಥವಾ ಆಮೇಲೆ. ಚೀಟಿಯಲ್ಲಿ ಕಲೆಯ ಹೆಸರು, ಊರು, ಭಾಷೆ, ಭಾಗವತರ ಮತ್ತು ವೇಷಧಾರಿಗಳ ಹೆಸರು ಅಚ್ಚಾಗಲಿ. ಪನೀರಿಗೆ ಸಿಕ್ಕಷ್ಟು ಜಾಗ ಮಹಿಷಾಸುರನಿಗೂ ಸಿಗಲಿ. ಆ ಊರಿನ ಸ್ವಂತ ಆಟ ಒಂದಿದ್ದರೆ ಅದರ ಮಾತು ಬರಲಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ದುಡ್ಡು ಬೇಕಿಲ್ಲ.

ಇದೆಲ್ಲ ರೆಸಾರ್ಟಿನವರಿಗೆ ಹೇಳುವ ಮಾತಾಗಿದ್ದರೆ ನಾನು ಈ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಊರು ಬಿಟ್ಟು ಪುಣೆ, ಮುಂಬಯಿ, ಹೈದರಾಬಾದು, ಗುರುಗ್ರಾಮಗಳಲ್ಲಿರುವ ನಾವು ಈಗ ಯಕ್ಷಗಾನವನ್ನು ಎಲ್ಲಿ ನೋಡುತ್ತೇವೆ? ನವೆಂಬರಿನಲ್ಲಿ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ, ಮಕ್ಕಳ ಫ್ಯಾಷನ್ ಶೋ ಮತ್ತು ರಾತ್ರಿಯ ಊಟದ ನಡುವಿನ ಹನ್ನೆರಡು ನಿಮಿಷದಲ್ಲಿ. ರೆಕಾರ್ಡ್ ಹಾಕಿ. ಹಿಂದಿನ ಸಾಲಿನಲ್ಲಿ ಬಿಸಿಬೇಳೆಬಾತಿನ ಪಾತ್ರೆ ತೆರೆದಿರುತ್ತದೆ. ನಮ್ಮ ಮಕ್ಕಳ ಪಾಲಿಗೆ ಯಕ್ಷಗಾನ ಎಂದರೆ ದೊಡ್ಡ ಕಿರೀಟದವರು ಬಂದು ಸುತ್ತಿ ಹೋಗುವುದು, ಆಮೇಲೆ ಅವರ ಜೊತೆ ಫೋಟೊ. ಘೋಟಿಯ ಹುಲ್ಲುಹಾಸಿನ ಮೇಲಿದ್ದ ಪ್ರವಾಸಿಗೂ ಆ ಮಗುವಿಗೂ ಸಿಕ್ಕಿದ್ದು ಒಂದೇ. ಪ್ರವಾಸಿ ಎರಡು ದಿನದಲ್ಲಿ ಮನೆಗೆ ಹೋಗುತ್ತಾನೆ, ಅವನಿಗೆ ಅವನದೇ ಆಟ ಬೇರೆ ಇದೆ. ನಮ್ಮ ಮಗುವಿಗೆ ಇದು ಬಿಟ್ಟರೆ ಬೇರೆ ಇಲ್ಲ.

ಮುಂಬಯಿಯ ಹೋಟೆಲುಗಳಲ್ಲಿ ಹಗಲಿಡೀ ದುಡಿದು, ರಾತ್ರಿ ಶಟರ್ ಎಳೆದ ಮೇಲೆ ತಾಳ ಕಲಿತು ಯಕ್ಷಗಾನ ಮಂಡಳಿ ಕಟ್ಟಿದ ನಮ್ಮ ಹಿಂದಿನ ತಲೆಮಾರೂ ವಲಸೆ ಬಂದದ್ದೇ. ಮಳೆಗಾಲದಲ್ಲಿ ಊರಿನ ಕಲಾವಿದರನ್ನು ಕರೆಸಿ ಸಭಾಂಗಣ ತುಂಬಿಸಿದವರು ಅವರು. ಎಷ್ಟೋ ಜನ ಇನ್ನೊಬ್ಬರಿಗೆ ಊಟ ಬಡಿಸುವುದನ್ನೇ ಕಸುಬು ಮಾಡಿಕೊಂಡಿದ್ದರು. ಆಟದ ಹೊತ್ತಿಗೆ ಮಾತ್ರ ಕೂತು ನೋಡಿದರು, ಯಾವ ಭಾಗವತರು ಎಲ್ಲಿ ಎಡವಿದರು ಎಂದು ಮರುದಿನ ಕೌಂಟರಿನಲ್ಲಿ ವಾದ ಮಾಡಿದರು. ಘೋಟಿಗೆ ಬಂದ ಎಂಟು ಜನ ಅವರ ಮುಂದುವರಿಕೆ. ಅವರು ನಾಲ್ಕು ಜನರ ಹಣ ಹಂಚಿಕೊಂಡು ಹಿಮ್ಮೇಳ ಉಳಿಸಿದರು. ಅವರಿಗಿಂತ ಹೆಚ್ಚು ಸಂಬಳ ತರುವ ನಾವು ಮುಂದಿನ ರಾಜ್ಯೋತ್ಸವಕ್ಕೆ ಅಂಥ ಒಂದು ತಂಡವನ್ನು ಪೂರ್ತಿ ಹಣ ಕೊಟ್ಟು ಕರೆಸಬಹುದು, ಮಾಲಿನಿಯನ್ನೂ ಕರೆತನ್ನಿ ಎಂದು ಹೇಳಬಹುದು, ಊಟವನ್ನು ಒಂದು ಗಂಟೆ ತಡವಾಗಿ ಇಡಬಹುದು. ಜಿಲೇಬಿಯನ್ನು ಆಮೇಲೆ ಕರಿದರಾಯಿತು.